ಭಂಡಾರದ ಪ್ರತಿ, ದೂರದ ಓದುಗ: ರಿಮೋಟ್ ಡೆಸ್ಕ್‌ಟಾಪ್ ಸರ್ವರಿನ ಸ್ಥಾಪನಾವಿಧಾನ

ಹಸ್ತಪ್ರತಿಯು ಭಂಡಾರವನ್ನು ಬಿಟ್ಟು ಕದಲಬಾರದು. ಆದರೆ ದೂರದಲ್ಲಿರುವ ವಿದ್ವಾಂಸನಿಗೆ ಅದು ಕಾಣಲೂ ಬೇಕು. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಅಪೇಕ್ಷೆಗಳನ್ನು ಹೊಂದಿಸುವುದು ಗ್ರಂಥಸಂಪಾದನೆಯ ಹಳೆಯ ಸಮಸ್ಯೆ. ಷಟ್ಖಂಡಾಗಮದ ಮುದ್ರಣದ ಇತಿಹಾಸವೇ ಇದಕ್ಕೆ ನಿದರ್ಶನ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ ಟೀಕೆಯ ತಾಡಪತ್ರಗಳು ಬಹುಕಾಲ ದರ್ಶನಕ್ಕಷ್ಟೇ ಮೀಸಲಾಗಿದ್ದವು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಹೊರಬಂದಾಗ ಅದಕ್ಕೆ ಆಧಾರವಾಗಿದ್ದುವು ಮೂಲವಲ್ಲ, ನಕಲುಗಳು. ಆ ನಕಲುಗಳಲ್ಲಿ 93ನೆಯ ಸೂತ್ರದ ‘ಸಂಜದ’ ಎಂಬ ಪದ ಇರಲಿಲ್ಲ. ಅರ್ಥಸಂಗತಿಯಿಂದ ಅದು ಇರಬೇಕೆಂದು ಸಂಪಾದಕರು ಟಿಪ್ಪಣಿಯಲ್ಲಿ ಸೂಚಿಸಿದರು; ಅದರ ಸುತ್ತ ದೊಡ್ಡ ವಾದವೇ ನಡೆಯಿತು. ಮೂಡುಬಿದಿರೆಯ ತಾಡಪತ್ರದೊಡನೆ ತಾಳೆ ನೋಡಿದಾಗ ಆ ಪದ ಅಲ್ಲಿ ಇದ್ದೇ ಇತ್ತು. ಒಂದು ಗರಿಯ ಒಂದು ಪಂಕ್ತಿಯನ್ನು ಸಂಪಾದಕನು ತನ್ನ ಪೀಠದಲ್ಲಿ ಕುಳಿತೇ ಕಾಣಬಲ್ಲವನಾಗಿದ್ದರೆ ಆ ವಾದವು ಅಷ್ಟು ಬೆಳೆಯುತ್ತಿರಲಿಲ್ಲ.

ಇಂದು ಅನೇಕ ಭಂಡಾರಗಳ ಓಲೆಗರಿಗಳಿಗೆ ಛಾಯಾಚಿತ್ರಗಳಿವೆ. ಆದರೂ ಸಮಸ್ಯೆ ತೀರಿಲ್ಲ. ಚಿತ್ರವು ಒಮ್ಮೆ ಕಡತದ ರೂಪದಲ್ಲಿ ಹೊರಗೆ ಹೋದರೆ ಸಾವಿರ ಪ್ರತಿಗಳಾಗಿ ಹರಡಬಲ್ಲದು. ಮರಳಿ ಕರೆಯುವುದು ಅಸಾಧ್ಯ. ಆದುದರಿಂದಲೇ ಕೆಲವು ಮಠಗಳೂ ಬಸದಿಗಳೂ ಚಿತ್ರಗ್ರಹಣಕ್ಕೆ ಒಪ್ಪಿದರೂ ಚಿತ್ರಗಳ ವಿತರಣೆಗೆ ಒಪ್ಪುವುದಿಲ್ಲ. ಪೂರ್ಣವಾಗಿ ಮುಚ್ಚಿಡುವುದು, ಪೂರ್ಣವಾಗಿ ಹಂಚಿಬಿಡುವುದು, ಇವೆರಡರ ನಡುವೆ ಒಂದು ಮಾರ್ಗವಿದೆ. ಅದೇ ರಿಮೋಟ್ ಡೆಸ್ಕ್‌ಟಾಪ್ ಸರ್ವರ್. ಒಂದು ಸಾಮಾನ್ಯ ಶೋಧಸಂಸ್ಥೆಯು ಅದನ್ನು ಹೇಗೆ ಸ್ಥಾಪಿಸಬಹುದು, ಯಾವ ಎಚ್ಚರಗಳಿಲ್ಲದೆ ಸ್ಥಾಪಿಸಲೇಬಾರದು ಎಂಬುದು ಪ್ರಕೃತ ಲೇಖನದ ವಿಷಯ.

ವ್ಯವಸ್ಥೆಯ ಸ್ವರೂಪ

ಸರ್ವರ್ ಎಂದರೆ ಅನೇಕರ ಸೇವೆಗಾಗಿ ಸದಾ ಚಾಲನೆಯಲ್ಲಿರುವ ಗಣಕಯಂತ್ರ. ಚಿತ್ರಗಳೂ ಅವುಗಳನ್ನು ತೆರೆಯುವ ತಂತ್ರಾಂಶವೂ ಆ ಯಂತ್ರದಲ್ಲಿಯೇ ಇರುತ್ತವೆ. ದೂರದ ಓದುಗನು ತನ್ನ ಯಂತ್ರದಿಂದ ಅಂತರಜಾಲದ ಮೂಲಕ ಅದನ್ನು ಪ್ರವೇಶಿಸುತ್ತಾನೆ. ಅವನ ಕೀಲಿಮಣೆಯ ಒತ್ತುಗಳೂ ಮೌಸಿನ ಚಲನೆಯೂ ಇತ್ತ ಬರುತ್ತವೆ. ಸರ್ವರಿನ ಪರದೆಯ ದೃಶ್ಯ ಮಾತ್ರ ಅತ್ತ ಹೋಗುತ್ತದೆ. ಓದುಗನು ಕಾಣುವುದು ಗರಿಯ ಬಿಂಬವನ್ನು. ಮೂಲ ಕಡತವು ಸ್ಥಳ ಬಿಟ್ಟು ಕದಲುವುದಿಲ್ಲ. ಪ್ರತಿಯು ಪ್ರವಾಸ ಮಾಡುವುದಿಲ್ಲ, ಓದುಗನ ದೃಷ್ಟಿಯೇ ಪ್ರವಾಸ ಮಾಡುತ್ತದೆ ಎಂದು ಇದನ್ನು ಸಂಗ್ರಹವಾಗಿ ಹೇಳಬಹುದು.

ಈ ಕಲ್ಪನೆ ಹೊಸದಲ್ಲ. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಆರಂಭವಾದ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿಯೇ ಒಂದು ಯಂತ್ರದಲ್ಲಿ ನಡೆಯುವ ತಂತ್ರಾಂಶವನ್ನು ಇನ್ನೊಂದು ಯಂತ್ರದ ಪರದೆಯಲ್ಲಿ ಕಾಣುವ ಅವಕಾಶವಿತ್ತು. 1998ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಡನೆ ಆರ್‌ಡಿಪಿ ಎಂಬ ಸಂವಹನ ನಿಯಮಾವಳಿಯನ್ನು ಹೊರತಂದಿತು. ಇಂದು ಬಹುವಾಗಿ ಬಳಕೆಯಲ್ಲಿರುವುದು ಅದರ ಪರಿಷ್ಕೃತ ರೂಪವೇ.

ಇದರ ಪ್ರಯೋಜನವನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. 200 ಗರಿಗಳ ಒಂದು ಕಟ್ಟಿಗೆ ಎರಡೂ ಮಗ್ಗುಲು ಸೇರಿ 400 ಚಿತ್ರಗಳು. ಚಿತ್ರವೊಂದಕ್ಕೆ 100 ಮೆಗಾಬೈಟ್ ಎಂದು ಹಿಡಿದರೆ ಒಟ್ಟು 40 ಗಿಗಾಬೈಟ್. ಸೆಕೆಂಡಿಗೆ 20 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಇದನ್ನು ಕಳುಹಿಸಲು ನಾಲ್ಕು ಗಂಟೆಗೂ ಮಿಕ್ಕ ಕಾಲ ಹಿಡಿಯುತ್ತದೆ. ಪರದೆಯ ದೃಶ್ಯವಾದರೋ ಸುಮಾರು 20 ಲಕ್ಷ ಬಿಂದುಗಳದು. ಅದರಲ್ಲಿ ಬದಲಾದ ಭಾಗ ಮಾತ್ರ ಸಂಕುಚಿತವಾಗಿ ಹೋಗುವುದರಿಂದ ಸಾಧಾರಣ ಸಂಪರ್ಕವೇ ಸಾಕಾಗುತ್ತದೆ.

ಯಂತ್ರ ಮತ್ತು ತಂತ್ರಾಂಶ

ಏಕಕಾಲಕ್ಕೆ ಐವರು ಓದುಗರಿಗೆ 32 ಗಿಗಾಬೈಟ್ ಸ್ಮೃತಿಯುಳ್ಳ ಒಂದು ಯಂತ್ರ ಸಾಕು. ವಿದ್ಯುತ್ತು ಹೋದಾಗ ಕಡತಗಳು ಕೆಡದಂತೆ ಯುಪಿಎಸ್ ಅವಶ್ಯ. ಸಂಪರ್ಕವನ್ನು ಪಡೆಯುವಾಗ ಒಳಬರುವ ವೇಗಕ್ಕಿಂತ ಹೊರಹೋಗುವ ವೇಗವನ್ನು ವಿಚಾರಿಸಬೇಕು. ಓದುಗರಿಗೆ ದೃಶ್ಯವನ್ನು ಕಳುಹಿಸುವುದು ನಮ್ಮ ಕಡೆಯಿಂದಲ್ಲವೆ? ಅಂತರಜಾಲ ಸೇವೆಯವರಿಂದ ಒಂದು ಸ್ಥಿರ ಐಪಿ ವಿಳಾಸವನ್ನೂ ಕೇಳಿ ಪಡೆಯಬೇಕು. ಅದಿಲ್ಲದಿದ್ದರೆ ಹೊರಗಿನ ಓದುಗನಿಗೆ ನಮ್ಮ ಯಂತ್ರದ ದಾರಿಯೇ ತಿಳಿಯದೆ ಹೋಗಬಹುದು.

ಕಾರ್ಯವ್ಯವಸ್ಥೆಯ ಆಯ್ಕೆಯಲ್ಲಿ ವೆಚ್ಚದ ಪ್ರಶ್ನೆ ಮುಖ್ಯ. ವಿಂಡೋಸಿನ ಹೋಮ್ ಆವೃತ್ತಿಯು ದೂರದ ಪ್ರವೇಶಕ್ಕೆ ಆತಿಥೇಯವಾಗಲಾರದು. ಪ್ರೊ ಆವೃತ್ತಿಯು ಒಮ್ಮೆಗೆ ಒಬ್ಬನಿಗೆ ಮಾತ್ರ ಎಡೆಗೊಡುತ್ತದೆ. ವಿಂಡೋಸ್ ಸರ್ವರ್ ಆವೃತ್ತಿಯಲ್ಲಿ ಆಡಳಿತಕಾರ್ಯಕ್ಕೆಂದು ಇಬ್ಬರಿಗೆ ಅವಕಾಶವುಂಟು. ಓದುಗರಿಗಾಗಿ ಅದನ್ನು ಬಳಸಬೇಕಾದರೆ 120 ದಿನಗಳ ಅವಧಿಯ ಅನಂತರ ತಲಾ ಒಂದೊಂದು ಪರವಾನಗಿ ಬೇಕು. ಸಂಸ್ಥೆಯ ಮೂಲೆಯಲ್ಲಿರುವ ಹಳೆಯ ವಿಂಡೋಸ್ 10 ಯಂತ್ರವನ್ನು ಈ ಕೆಲಸಕ್ಕೆ ಹಚ್ಚುವುದು ಉಚಿತವಲ್ಲ. ಅದರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಅಲ್ಪಧನದ ಸಂಸ್ಥೆಗಳಿಗೆ ಡೆಬಿಯನ್ ಲಿನಕ್ಸ್ ಸೂಕ್ತ. ಅದಕ್ಕೆ ಮೌಲ್ಯವಿಲ್ಲ, ಓದುಗರ ಸಂಖ್ಯೆಗೆ ಮಿತಿಯೂ ಇಲ್ಲ. ಅದರ ಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪನ್ನೂ ಎಕ್ಸ್‌ಆರ್‌ಡಿಪಿ ಎಂಬ ತಂತ್ರಾಂಶವನ್ನೂ ಅಳವಡಿಸಬೇಕು. ಎಕ್ಸ್‌ಆರ್‌ಡಿಪಿಯು ಆರ್‌ಡಿಪಿ ನಿಯಮಾವಳಿಯನ್ನೇ ಅನುಸರಿಸುವುದರಿಂದ ವಿಂಡೋಸ್ ಬಳಸುವ ಓದುಗನು ತನ್ನ ಯಂತ್ರದಲ್ಲಿ ಮೊದಲೇ ಇರುವ ರಿಮೋಟ್ ಡೆಸ್ಕ್‌ಟಾಪ್ ಸಾಧನದಿಂದಲೇ ಪ್ರವೇಶಿಸಬಹುದು.

ಓದುವ ಅಧಿಕಾರ, ಒಯ್ಯುವ ಅಧಿಕಾರ

ಓದುವ ಅಧಿಕಾರ ಬೇರೆ, ಒಯ್ಯುವ ಅಧಿಕಾರ ಬೇರೆ. ಈ ವಿವೇಕವನ್ನು ಯಂತ್ರಕ್ಕೆ ನಾವೇ ಕಲಿಸಬೇಕು. ಪ್ರತಿಯೊಬ್ಬ ಓದುಗನಿಗೂ ಪ್ರತ್ಯೇಕ ಖಾತೆಯಿರಲಿ. ಒಂದೇ ಖಾತೆಯನ್ನು ಹಲವರು ಬಳಸಿದರೆ ಯಾರು ಏನು ಮಾಡಿದರೆಂಬುದು ತಿಳಿಯದು. ಚಿತ್ರಗಳ ಸಂಪುಟವನ್ನು ಓದುಗರಿಗೆ ಓದಲು ಮಾತ್ರ ತೆರೆಯಬೇಕು. ಬದಲಿಸುವ, ಅಳಿಸುವ ಅಧಿಕಾರ ಕೂಡದು. ಅವರ ಟಿಪ್ಪಣಿಗಳಿಗೂ ಪಾಠಾಂತರಗಳ ಪಟ್ಟಿಗಳಿಗೂ ಬೇರೊಂದು ಸಂಪುಟವಿರಲಿ.

ಎಕ್ಸ್‌ಆರ್‌ಡಿಪಿಯ ವಿನ್ಯಾಸಕಡತದಲ್ಲಿ ‘ಚಾನೆಲ್ಸ್’ ಎಂಬ ವಿಭಾಗವುಂಟು. ಅಲ್ಲಿ ‘ಆರ್‌ಡಿಪಿಡಿಆರ್’ ಎಂಬುದು ಓದುಗನ ಯಂತ್ರದ ಡಿಸ್ಕನ್ನು ಸರ್ವರಿಗೆ ಜೋಡಿಸುವ ಮಾರ್ಗ. ‘ಕ್ಲಿಪ್‌ಆರ್‌ಡಿಆರ್’ ಎಂಬುದು ಇಲ್ಲಿ ನಕಲಿಸಿದುದನ್ನು ಅಲ್ಲಿ ಅಂಟಿಸುವ ಮಾರ್ಗ. ಎರಡರ ಮುಂದೆಯೂ ‘ಫಾಲ್ಸ್’ ಎಂದು ನಮೂದಿಸಿ ಮುಚ್ಚಬೇಕು. ಅಷ್ಟಕ್ಕೇ ತೃಪ್ತರಾಗಬಾರದು. ಓದುಗನ ಖಾತೆಯಿಂದ ಹೊರಗಿನ ಅಂತರಜಾಲವನ್ನು ತಲಪಲು ಸಾಧ್ಯವಾದರೆ ಇ-ಮೇಲಿನ ಮೂಲಕವೇ ಕಡತ ಹೊರಬೀಳುತ್ತದೆ. ಆ ದಾರಿಯನ್ನೂ ತಡೆಯಬೇಕು. ಆಡಳಿತಗಾರನು ಬಳಸುವ ಎಸ್‌ಎಸ್‌ಎಚ್ ಪ್ರವೇಶವು ಓದುಗರಿಗೆ ದೊರೆತರೆ ಕಡತಗಳನ್ನು ಅದರ ಮೂಲಕ ಸಲೀಸಾಗಿ ಸಾಗಿಸಬಹುದು. ಆದ್ದರಿಂದ ಅದು ಕಟ್ಟಡದ ಒಳಗಿನ ಜಾಲಕ್ಕಷ್ಟೇ ಸೀಮಿತವಾಗಿರಲಿ.

ಹೊರಬಾಗಿಲಿನ ರಕ್ಷಣೆ

ಆರ್‌ಡಿಪಿಯು ಸಾಮಾನ್ಯವಾಗಿ 3389ನೆಯ ಪೋರ್ಟನ್ನು ಬಳಸುತ್ತದೆ. ಪೋರ್ಟ್ ಎಂದರೆ ಯಂತ್ರದ ಒಂದು ಸಂಖ್ಯಾಂಕಿತ ಬಾಗಿಲೆಂದು ತಿಳಿಯಬಹುದು. ಈ ಬಾಗಿಲನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದು ಮಹಾಪ್ರಮಾದ. ತೆರೆದ ಬಾಗಿಲುಗಳನ್ನು ಹುಡುಕುವ ಸ್ವಯಂಚಾಲಿತ ತಂತ್ರಾಂಶಗಳು ಹಗಲಿರುಳೂ ಜಾಲವನ್ನು ಸೋಸುತ್ತಿರುತ್ತವೆ. 2019ರಲ್ಲಿ ವಿಂಡೋಸಿನ ಹಳೆಯ ಆವೃತ್ತಿಗಳ ರಿಮೋಟ್ ಡೆಸ್ಕ್‌ಟಾಪ್ ಸೇವೆಯಲ್ಲಿ ‘ಬ್ಲೂಕೀಪ್’ ಎಂಬ ದೋಷ ಪತ್ತೆಯಾಯಿತು. ಪಾಸ್‌ವರ್ಡ್ ಅರಿಯದವನೂ ಯಂತ್ರವನ್ನು ವಶಪಡಿಸಿಕೊಳ್ಳಬಹುದಾಗಿದ್ದ ದೋಷವದು. ಅದು ಎಷ್ಟು ಗಂಭೀರವಾಗಿತ್ತೆಂದರೆ, ಬೆಂಬಲ ನಿಂತುಹೋಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪರಿಹಾರವನ್ನು ಹೊರಡಿಸಿತು.

ಗ್ರಂಥಾಲಯಗಳಿಗೆ ಇದು ದೂರದ ಮಾತಲ್ಲ. 2023ರ ಅಕ್ಟೋಬರಿನಲ್ಲಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮೇಲೆ ದಾಳಿ ನಡೆಯಿತು. 2024ರ ಮಾರ್ಚಿಯಲ್ಲಿ ಆ ಗ್ರಂಥಾಲಯವೇ ಪ್ರಕಟಿಸಿದ ವರದಿಯ ಪ್ರಕಾರ, ದಾಳಿಕೋರರ ಹೆಜ್ಜೆಗುರುತು ಮೊದಲು ಕಂಡದ್ದು ಟರ್ಮಿನಲ್ ಸರ್ವಿಸಸ್ ಸರ್ವರಿನಲ್ಲಿ. ಹೊರಗಿನ ಸಹಯೋಗಿಗಳ ಪ್ರವೇಶಕ್ಕೆಂದು 2020ರಲ್ಲಿ ಸ್ಥಾಪಿಸಿದ್ದ ಸರ್ವರ್ ಅದು. ಪಾಸ್‌ವರ್ಡಿನ ಮೇಲೆ ಎರಡನೆಯ ದೃಢೀಕರಣ ಅದಕ್ಕಿರಲಿಲ್ಲ. ಸುಮಾರು 600 ಗಿಗಾಬೈಟ್ ಮಾಹಿತಿ ಕಳವಾಯಿತು. ಅನೇಕ ಸರ್ವರುಗಳು ನಾಶವಾದವು. ಗ್ರಂಥಸೂಚಿಯು ಓದುಗರಿಗೆ ಮತ್ತೆ ಜಾಲದಲ್ಲಿ ದೊರೆತದ್ದು 2024ರ ಜನವರಿಯಲ್ಲಿ. ಡಿಜಿಟಲ್ ಸಂಗ್ರಹಗಳ ಸುರಕ್ಷಿತ ಪ್ರತಿಗಳಿದ್ದರೂ ಅವನ್ನು ಮರಳಿ ಸ್ಥಾಪಿಸಲು ಯೋಗ್ಯವಾದ ಯಂತ್ರವ್ಯವಸ್ಥೆ ಇಲ್ಲದೆ ಕಾರ್ಯವು ಕುಂಠಿತವಾಯಿತು. ಅಷ್ಟು ದೊಡ್ಡ ಸಂಸ್ಥೆಗೆ ಒದಗಿದ ಕಷ್ಟದಿಂದ ಚಿಕ್ಕ ಸಂಸ್ಥೆಗಳು ಪಾಠ ಕಲಿಯುವುದು ವಿಹಿತ.

ಇದಕ್ಕೆ ಪರಿಹಾರವಾಗಿ 3389ನೆಯ ಬಾಗಿಲಿನ ಹೊರಗೆ ಇನ್ನೊಂದು ಪ್ರಾಕಾರವನ್ನು ಕಟ್ಟಬೇಕು. ಇದನ್ನು ವಿಪಿಎನ್ ಎನ್ನುತ್ತಾರೆ. ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶವು 2020ರಿಂದ ಲಿನಕ್ಸಿನ ಅಂಗವೇ ಆಗಿದೆ. ಇದರಲ್ಲಿ ಪ್ರತಿಯೊಬ್ಬ ಓದುಗನ ಯಂತ್ರಕ್ಕೂ ಒಂದು ಗುಪ್ತ ಕೀಲಿ, ಅದಕ್ಕೆ ಜೊತೆಯಾದ ಒಂದು ಪ್ರಕಟ ಕೀಲಿ ಇರುತ್ತದೆ. ಪ್ರಕಟ ಕೀಲಿಯನ್ನು ಸರ್ವರಿನಲ್ಲಿ ನೋಂದಾಯಿಸಿದವನಿಗೆ ಮಾತ್ರ ಪ್ರವೇಶ. ಅಪರಿಚಿತನು ತಟ್ಟಿದರೆ ಸರ್ವರ್ ಉತ್ತರವನ್ನೇ ಕೊಡುವುದಿಲ್ಲ. ರೌಟರಿನಲ್ಲಿ ವೈರ್‌ಗಾರ್ಡಿನ ಒಂದು ಪೋರ್ಟನ್ನು (ರೂಢಿಯಲ್ಲಿ 51820) ಮಾತ್ರ ತೆರೆಯಬೇಕು. ಒಳಬಂದ ಓದುಗನಿಗೆ 3389ರ ಹೊರತು ಬೇರೊಂದು ಬಾಗಿಲು ಕಾಣಬಾರದು. ಸಂಸ್ಥೆಯ ಲೆಕ್ಕಪತ್ರಗಳ ಯಂತ್ರಗಳು ಈ ಜಾಲದಿಂದ ಪೂರ್ತಿ ಬೇರೆಯಾಗಿರಲಿ.

ಹೀಗೆ ಓದುಗನ ಯಂತ್ರದಲ್ಲಿರುವ ಕೀಲಿ ಒಂದು ಪ್ರಮಾಣ, ಅವನು ಬಲ್ಲ ಪಾಸ್‌ವರ್ಡ್ ಇನ್ನೊಂದು. ಆಡಳಿತಗಾರನ ಖಾತೆಗೆ ಇವೆರಡರ ಮೇಲೆ ಮೊಬೈಲಿನಲ್ಲಿ ಕ್ಷಣಕ್ಷಣಕ್ಕೆ ಬದಲಾಗುವ ಆರಂಕಿಯ ಸಂಕೇತವೂ ಇರಲಿ. ಓದುಗನ ಯಂತ್ರ ಕಳೆದುಹೋದರೆ, ಅನುಮತಿಯ ಅವಧಿ ಮುಗಿದರೆ, ಅದೇ ದಿನ ಅವನ ಕೀಲಿಯನ್ನು ಪಟ್ಟಿಯಿಂದ ತೆಗೆಯಬೇಕು.

ಲಿಪಿಯ ದೃಷ್ಟಿಯಿಂದ ಒಂದು ಎಚ್ಚರ

ಪರದೆಯ ದೃಶ್ಯವು ಸಂಕುಚಿತವಾಗಿ ಸಾಗುವುದರಿಂದ ಸೂಕ್ಷ್ಮರೇಖೆಗಳು ಮಸುಕಾಗುವ ಸಂಭವವುಂಟು. ಹಳೆಯ ಓಲೆಗಳಲ್ಲಿ ದಕಾರ ಧಕಾರಗಳ, ಪಕಾರ ವಕಾರಗಳ ಭೇದವು ಒಂದು ಸಣ್ಣ ಗೀಟಿನಲ್ಲಿ ಅಡಗಿರುತ್ತದೆ. ಮಸಿ ತುಂಬದ ಗೆರೆಯಾದರಂತೂ ಹೇಳುವುದೇ ಬೇಡ. ಆದ್ದರಿಂದ ಓದುಗನು ವರ್ಣದ ಪ್ರಮಾಣವನ್ನು ಅತ್ಯುನ್ನತಕ್ಕೆ ಇಟ್ಟು, ಸಂದೇಹಾಸ್ಪದ ಅಕ್ಷರವನ್ನು ಸರ್ವರಿನ ತಂತ್ರಾಂಶದಲ್ಲಿಯೇ ಹಿಗ್ಗಿಸಿ, ದೃಶ್ಯವು ಸ್ಥಿರವಾದ ಮೇಲೆ ಓದಬೇಕು. ಆಗಲೂ ಸಂದೇಹ ತೀರದಿದ್ದರೆ ಭಂಡಾರದಲ್ಲಿರುವವರಿಂದ ಮೂಲ ಗರಿಯನ್ನೇ ನೋಡಿಸಿ ನಿರ್ಣಯಿಸಬೇಕು. ಪರದೆಯ ಮೇಲಿನ ಓದು ಮೂಲದ ಪರಿಶೀಲನೆಗೆ ಸಹಾಯಕವೇ ಹೊರತು ಅದಕ್ಕೆ ಬದಲಿಯಲ್ಲ.

ವ್ಯವಸ್ಥೆಯ ಮಿತಿ ಮತ್ತು ಹೊಣೆ

ಇಷ್ಟೆಲ್ಲ ಮಾಡಿದರೂ ಓದುಗನು ತನ್ನ ಪರದೆಯ ಚಿತ್ರವನ್ನು ಮೊಬೈಲಿನಲ್ಲಿ ಸೆರೆಹಿಡಿಯುವುದನ್ನು ಯಾವ ಸರ್ವರೂ ತಡೆಯಲಾರದು. ಈ ಸತ್ಯವನ್ನು ಭಂಡಾರದ ಅಧಿಕಾರಿಗಳಿಗೆ ಅನುಮತಿ ಕೇಳುವಾಗಲೇ ತಿಳಿಸಬೇಕು. ಯಂತ್ರವು ಸಗಟು ಕಳವನ್ನು ತಡೆಯುತ್ತದೆ, ಬಂದುಹೋದವರ ದಾಖಲೆಯನ್ನು ಇಡುತ್ತದೆ. ಉಳಿದುದು ಓದುಗನ ಶೀಲಕ್ಕೆ ಸೇರಿದುದು. ಆದುದರಿಂದ ಖಾತೆ ಕೊಡುವ ಮುನ್ನ ಉದ್ದೇಶವನ್ನೂ ಅವಧಿಯನ್ನೂ ಬರೆಯಿಸಿಕೊಂಡು ಸಹಿ ಪಡೆಯುವುದು ಅವಶ್ಯ. ಪ್ರಕಟಣೆಗೆ ಭಂಡಾರದವರೇ ಒಪ್ಪಿದ ಪ್ರತಿಗಳನ್ನು ಈ ಪ್ರಾಕಾರದೊಳಗೆ ಬಚ್ಚಿಡಬೇಕಾದುದಿಲ್ಲ. ಅವನ್ನು ಸರ್ವರಿಗೂ ದೊರಕಿಸುವುದೇ ಶಾಸ್ತ್ರದಾನ.

ಕೊನೆಯದಾಗಿ ರಕ್ಷಣಾಪ್ರತಿಗಳ ವಿಚಾರ. ಚಿತ್ರಗಳ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳ ಮೇಲಿರಬೇಕು. ಒಂದು ಬೇರೆ ಊರಿನಲ್ಲಿ, ಯಾವ ಜಾಲಕ್ಕೂ ಸೇರದೆ ಇರಬೇಕು. ಆದರೆ ಪ್ರತಿಯಿದ್ದರೆ ಸಾಲದು, ಅದು ತೆರೆಯುತ್ತದೆಯೆ ಎಂದು ನೋಡಬೇಕು. ಶ್ರುತಪಂಚಮಿಯಂದು ಕಟ್ಟುಗಳನ್ನು ಬಿಚ್ಚಿ, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುವ ಸಂಪ್ರದಾಯ ನಮ್ಮಲ್ಲಿದೆ. ಅಂದೇ ರಕ್ಷಣಾಪ್ರತಿಯನ್ನು ಬೇರೊಂದು ಯಂತ್ರಕ್ಕೆ ಇಳಿಸಿ ಕೆಲವು ಗರಿಗಳನ್ನು ತೆರೆದು ನೋಡುವ, ಅವಧಿ ಮುಗಿದ ಕೀಲಿಗಳನ್ನು ಎಣಿಸಿ ತೆಗೆಯುವ ಪದ್ಧತಿಯನ್ನೂ ಸೇರಿಸಿಕೊಳ್ಳಬಹುದು. ತಂತ್ರಾಂಶದ ಪರಿಷ್ಕಾರಗಳನ್ನು ಮಾತ್ರ ವರ್ಷಕ್ಕೊಮ್ಮೆಯಲ್ಲ, ಬಂದಂತೆಲ್ಲ ಅಳವಡಿಸಬೇಕು.

ಭಂಡಾರವೊಂದು ತನ್ನ ಪ್ರತಿಗಳನ್ನು ತೋರಿಸಲು ಒಪ್ಪುವುದು ತಲೆಮಾರುಗಳ ಸಂಕೋಚವನ್ನು ದಾಟಿದ ಮೇಲೆ. ಒಂದೇ ಒಂದು ಅಜಾಗ್ರತೆಯಿಂದ ಆ ವಿಶ್ವಾಸ ಮುರಿದರೆ ಮುಚ್ಚಿಕೊಳ್ಳುವುದು ಅದೊಂದೇ ಭಂಡಾರದ ಬಾಗಿಲಲ್ಲ. ಸುದ್ದಿ ಕೇಳಿದ ಉಳಿದವರೂ ಕೈ ಹಿಂದೆಗೆಯುತ್ತಾರೆ. ಸರ್ವರನ್ನು ಸ್ಥಾಪಿಸುವುದು ಎರಡು ದಿನಗಳ ಕೆಲಸ. ಅದನ್ನು ಪ್ರತಿದಿನವೂ ಕಾಯುವವರೊಬ್ಬರನ್ನು ಗೊತ್ತುಮಾಡಿದ ಮೇಲೆಯೇ ಸಂಸ್ಥೆಗಳು ಆ ಎರಡು ದಿನಗಳ ಕೆಲಸಕ್ಕೆ ಕೈಹಾಕುವುದು ಲೇಸು.