ಆಟ ಬಿಟ್ಟರೂ ಉಳಿಯುವ ಶಲ್ಯ

ನೂರು ಮಂದಿ ಆಟಗಾರರು ಒಂದು ದ್ವೀಪದಲ್ಲಿ ಇಳಿಯುತ್ತಾರೆ. ಒಬ್ಬನೋ ಒಂದು ತಂಡವೋ ಉಳಿಯುವವರೆಗೆ ಕಾದಾಟ ನಡೆಯುತ್ತದೆ. ಇದು ಪಬ್‌ಜಿ ಮೊಬೈಲ್ ಆಟದ ಸ್ವರೂಪ. 2020ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರ ಅದನ್ನು ನಿಷೇಧಿಸಿತು. ಮರುವರ್ಷವೇ ಅದೇ ಬಗೆಯ ಆಟ ಬೇರೊಂದು ಹೆಸರಿನಲ್ಲಿ ಬಂದಿತು, ಆಟಗಾರರೂ ಮರಳಿದರು. ನಿಷೇಧದಿಂದ ಕೈ ನಿಲ್ಲಬಹುದು, ಮನಸ್ಸು ನಿಲ್ಲುವುದೇ?

ಹಲವರು ಕೂಡಿ ಆಡುವ ಇಂಥ ಆಟಗಳ ಆಟಗಾರರನ್ನು ಬ್ರಿಟನ್ನಿನ ರಿಚರ್ಡ್ ಬಾರ್ಟಲ್ 1996ರಲ್ಲಿಯೇ ನಾಲ್ಕು ಬಗೆಯಾಗಿ ವಿಂಗಡಿಸಿದ್ದರು: ಸಾಧನೆ ಬಯಸುವವರು, ಹೊಸತನ್ನು ಅರಸುವವರು, ಸ್ನೇಹಕ್ಕಾಗಿ ಬರುವವರು, ಇತರರನ್ನು ಮಣಿಸುವುದರಲ್ಲಿಯೇ ಸುಖ ಕಾಣುವವರು. ಊರು ಬಿಟ್ಟು ದೂರದಲ್ಲಿ ದುಡಿಯುವ ಯುವಕನಿಗೆ ಬಾಲ್ಯದ ಗೆಳೆಯರ ದನಿ ಕೇಳುವುದು ಆ ಆಟದಲ್ಲಿಯೇ ಆಗಿರಬಹುದು. ಆ ಸ್ನೇಹದಲ್ಲಿ ದೋಷವಿಲ್ಲ.

ದೋಷವಿರುವುದು ಅದರೊಡನೆ ಒಳನುಗ್ಗುವ ಕಷಾಯಗಳಲ್ಲಿ. ಸೋತಾಗ ಜೊತೆಗಾರನ ಮೇಲೆ ಕ್ರೋಧ. ಮೇಲಿನ ಶ್ರೇಣಿ ದೊರೆತಾಗ ಮಾನ. ಮೋಸದ ತಂತ್ರಾಂಶದಿಂದ ಗೆಲ್ಲುವಲ್ಲಿ ಮಾಯೆ. ತೆರೆಯ ಮೇಲಿನ ಬೊಂಬೆಯ ಉಡುಪಿಗೂ ಹಣ ತೆರುವಲ್ಲಿ ಲೋಭ. ಅಲ್ಲಿ ಯಾವ ಜೀವಿಯೂ ಸಾಯುವುದಿಲ್ಲ, ದ್ರವ್ಯಹಿಂಸೆಯಿಲ್ಲ ಎಂಬುದು ನಿಜ. ಆದರೆ ದ್ವೇಷದಿಂದ ಕಲುಷಿತವಾದ ಪರಿಣಾಮವನ್ನು ಜಿನಾಗಮವು ಭಾವಹಿಂಸೆಯೆಂದೇ ಎಣಿಸುತ್ತದೆ.

ಆಟವನ್ನು ತೊರೆಯುವವರೂ ಉಂಟು. ಗೆಳೆಯರು ಚದುರಿದರೆಂದು ಕೆಲವರು, ಬೈಗುಳ ಸಹಿಸಲಾರದೆ ಕೆಲವರು, ಹಣ ಚೆಲ್ಲಿದವನೇ ಗೆಲ್ಲುತ್ತಾನೆಂದು ಬೇಸತ್ತು ಇನ್ನು ಕೆಲವರು. ಇವೆಲ್ಲ ಸೋಲಿನ ಅಥವಾ ಬೇಸರದ ನಿರ್ಗಮನಗಳು. ಕಾರಣ ತೊಲಗಿದೊಡನೆ ಆಸೆ ಮತ್ತೆ ಚಿಗುರುತ್ತದೆ.

ಬಾಹುಬಲಿಯ ಮಾರ್ಗ ಬೇರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಅಣ್ಣ ಭರತನನ್ನು ಗೆದ್ದ ಆತ ಗೆಲುವಿನ ಹೊತ್ತಿನಲ್ಲಿಯೇ ಅದರ ಸಾರಹೀನತೆಯನ್ನು ಕಂಡು ಹೊರನಡೆದನು. ಆದರೂ ವರ್ಷವಿಡೀ ಪ್ರತಿಮಾಯೋಗದಲ್ಲಿ ನಿಂತವನ ಅಂತರಂಗದಲ್ಲಿ, ತಾನು ನಿಂತಿರುವುದು ಭರತನ ನೆಲವೆಂಬ ಸೂಕ್ಷ್ಮ ಶಲ್ಯವೊಂದು ಉಳಿದಿತ್ತೆಂದು ಪರಂಪರೆ ಹೇಳುತ್ತದೆ. ಭರತನು ಬಂದು ವಂದಿಸಿದಾಗ ಅದು ಕಳೆದು ಕೇವಲಜ್ಞಾನ ಉದಯಿಸಿತು. ರಾಜ್ಯವನ್ನೇ ತೊರೆದವನಿಗೂ ಮನದ ಮುಳ್ಳು ಕೀಳುವುದು ಅಷ್ಟು ಕಠಿಣವಾಗಿದ್ದರೆ, ಮೊಬೈಲಿನಿಂದ ಆಟವೊಂದನ್ನು ಅಳಿಸಿದ ಮಾತ್ರಕ್ಕೆ ತ್ಯಾಗ ಪೂರ್ಣವಾದೀತೇ?

ಶ್ರಾವಕನಿಗೆ ಆಚಾರ್ಯ ಸಮಂತಭದ್ರರು ಸುಲಭವಾದ ದಾರಿಯನ್ನು ತೋರಿದ್ದಾರೆ. ಭೋಗೋಪಭೋಗ ಪರಿಮಾಣ ವ್ರತದಲ್ಲಿ ಬಾಳಿನುದ್ದದ ತ್ಯಾಗ ಯಮ; ಕಾಲವನ್ನು ಗೊತ್ತುಮಾಡಿಕೊಂಡ ತ್ಯಾಗ ನಿಯಮ. ಪರೀಕ್ಷೆ ಮುಗಿಯುವವರೆಗೆ, ಪರ್ಯೂಷಣದ ದಿನಗಳಲ್ಲಿ, ಸೂರ್ಯಾಸ್ತದ ಬಳಿಕ ಆಡೆನೆಂದು ತಾನೇ ಕೈಗೊಂಡ ನಿಯಮವು ಹೆತ್ತವರು ಮೊಬೈಲ್ ಕಸಿದುಕೊಳ್ಳುವುದಕ್ಕಿಂತ ಮಿಗಿಲಾದುದು. ಬಿಡುವಾದ ಹೊತ್ತಿನಲ್ಲಿ ಒಂದು ಮುಹೂರ್ತ, ಅಂದರೆ 48 ನಿಮಿಷ, ಸಾಮಾಯಿಕದಲ್ಲಿ ಕುಳಿತರೆ ಆಟ ತನ್ನನ್ನು ಎಷ್ಟು ಎಳೆಯುತ್ತಿದೆ ಎಂಬುದು ಅವನಿಗೇ ತಿಳಿಯುತ್ತದೆ. ಹಾಗೆ ತಿಳಿದು ಬಿಟ್ಟವನು ಸುಲಭವಾಗಿ ಮರಳಲಾರ.