ಬಲ್ಬು ಆಗಾಗ ಆರುತ್ತದೆ, ಯಾಕೆ?

ಸಂಜೆ ದೀಪ ಹಾಕುತ್ತೇವೆ. ಸ್ವಲ್ಪ ಹೊತ್ತು ಉರಿಯುತ್ತದೆ. ಆಮೇಲೆ ಪಕ್ಕನೆ ಆರುತ್ತದೆ. ಒಲೆಯ ಮೇಲೆ ಎಸರು ಕುದಿಯುತ್ತಿರುತ್ತದೆ. ಮಕ್ಕಳು ಪುಸ್ತಕ ಹಿಡಿದು ಕೂತಿರುತ್ತಾರೆ. ಸ್ವಿಚ್ಚಿಗೆ ಒಂದು ಏಟು ಕೊಟ್ಟರೆ ಮತ್ತೆ ಹತ್ತುತ್ತದೆ. ಹತ್ತು ನಿಮಿಷ ಆದ ಮೇಲೆ ಮತ್ತೆ ಅದೇ ಕಥೆ.

ಕರೆಂಟಿನ ವಿಷಯ ಗಂಡಸರದು ಅಂತ ನಾವು ಸುಮ್ಮನೆ ಇದ್ದುಬಿಡುತ್ತೇವೆ. ಬಲ್ಬು ಯಾಕೆ ಆರಿತು ಅಂತ ತಿಳಿಯೋಕೆ ಗಂಡಸೇ ಆಗಬೇಕಾ? ಕಣ್ಣು, ಕಿವಿ, ಮೂಗು ಇದ್ದರೆ ಸಾಕು. ಕೈ ಮಾತ್ರ ದೂರ ಇರಲಿ.

ಮೊದಲು ಒಂದು ಮಾತು ತಿಳಿಯೋಣ. ಕರೆಂಟು ಒಂದು ತಂತಿಯಲ್ಲಿ ಬರುತ್ತದೆ. ಇದಕ್ಕೆ ಫೇಸ್ ಅನ್ನುತ್ತಾರೆ. ಇನ್ನೊಂದು ತಂತಿಯಲ್ಲಿ ವಾಪಸ್ ಹೋಗುತ್ತದೆ. ಇದು ನ್ಯೂಟ್ರಲ್. ಈ ದಾರಿ ಎಲ್ಲೂ ಕಡಿಯಬಾರದು. ಕಡಿದರೆ ಬಲ್ಬು ಹತ್ತುವುದೇ ಇಲ್ಲ. ಎಲ್ಲೋ ಒಂದು ಕಡೆ ಸಡಿಲ ಆದರೆ ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ. ಸಡಿಲ ಇರುವ ಜಾಗದಲ್ಲಿ ಕಿಡಿ ಹಾರುತ್ತದೆ. ಆ ಜಾಗ ಬಿಸಿಯಾಗುತ್ತದೆ. ವೈರಿನ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಮನೆಯ ಮಾಡು ಸೋಗೆಯದೋ ಹುಲ್ಲಿನದೋ ಆದರೆ ಒಂದು ಕಿಡಿ ಸಾಕು. ಅದಕ್ಕೇ ಆಗಾಗ ಆರುವ ಬಲ್ಬನ್ನು ಹಾಗೇ ಬಿಡಬಾರದು.

ಬಲ್ಬು ಆರಿದ ಕೂಡಲೇ ಬಾಗಿಲಿಗೆ ಬಂದು ನೋಡೋಣ. ಪಕ್ಕದ ಮನೆಯಲ್ಲೂ ಕತ್ತಲೆಯಾ? ಹಾಗಾದರೆ ತೊಂದರೆ ಲೈನಿನದು. ನಮ್ಮ ಮನೆಯಲ್ಲಿ ಮಾತ್ರ ಎಲ್ಲಾ ಆರಿದೆಯಾ? ಮೀಟರು, ಫ್ಯೂಸಿನ ಹತ್ತಿರ ಏನೋ ಆಗಿದೆ. ಒಂದೇ ಬಲ್ಬು ಆರಿದೆಯಾ? ಆಗ ಆ ಬಲ್ಬು, ಅದರ ಹೋಲ್ಡರು, ಅದರ ಸ್ವಿಚ್ಚು, ಇಷ್ಟನ್ನು ನೋಡಿದರೆ ಆಯಿತು.

ಬಲ್ಬನ್ನು ಪರೀಕ್ಷೆ ಮಾಡೋದು ಸುಲಭ. ಮೊದಲು ಮೇನ್ ಸ್ವಿಚ್ ಆರಿಸಬೇಕು. ಬಲ್ಬಿನ ಸ್ವಿಚ್ಚು ಮಾತ್ರ ಆರಿಸಿದರೆ ಸಾಲದಾ? ಸಾಲದು. ವೈರು ಹಾಕಿದವರು ಸ್ವಿಚ್ಚನ್ನು ಫೇಸ್ ತಂತಿಗೆ ಕೊಡದೆ ನ್ಯೂಟ್ರಲ್‌ಗೆ ಕೊಟ್ಟಿದ್ದರೆ, ಸ್ವಿಚ್ಚು ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಕೈ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ. ಅಲುಗಾಡದ ಮರದ ಸ್ಟೂಲು ಇರಲಿ. ಬಲ್ಬು ತಣ್ಣಗಾದ ಮೇಲೆ ಬಿಚ್ಚಿ, ಚೆನ್ನಾಗಿ ಉರಿಯುವ ಇನ್ನೊಂದು ಕೋಣೆಯ ಹೋಲ್ಡರಿಗೆ ಹಾಕೋಣ. ಆ ಕೋಣೆಯ ಬಲ್ಬನ್ನು ಇಲ್ಲಿಗೆ ತರೋಣ. ಆಮೇಲೆ ಮೇನ್ ಹಾಕಿ ಅರ್ಧ ಗಂಟೆ ಕಾಯೋಣ. ಅಲ್ಲಿಗೆ ಹೋದ ಬಲ್ಬು ಅಲ್ಲೂ ಆರಿದರೆ ಬಲ್ಬೇ ಕೆಟ್ಟಿದೆ. ಅಲ್ಲಿ ಚೆನ್ನಾಗಿ ಉರಿದು, ಇಲ್ಲಿಗೆ ತಂದ ಬಲ್ಬು ಆರಿದರೆ ತಪ್ಪು ಬಲ್ಬಿನದಲ್ಲ.

ಈಗಿನ ಎಲ್‌ಇಡಿ ಬಲ್ಬಿಗೆ ಸೆಕೆ ಆಗುವುದಿಲ್ಲ. ಅದರ ಬುಡದಲ್ಲಿ ಒಂದು ಸಣ್ಣ ಯಂತ್ರ ಇರುತ್ತದೆ. ಗಾಳಿಯಾಡದ ಗಾಜಿನ ಬುರುಡೆಯೊಳಗೆ ಹಾಕಿದರೆ ಅದು ಕಾದು ಆರುತ್ತದೆ. ತಣ್ಣಗಾದ ಮೇಲೆ ತಾನೇ ಹತ್ತುತ್ತದೆ. ಬುರುಡೆ ತೆಗೆದುಬಿಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಹೋಲ್ಡರಿನೊಳಗೆ ಸ್ಪ್ರಿಂಗಿನ ಎರಡು ಕಡ್ಡಿ ಇರುತ್ತವೆ. ಅವು ಬಲ್ಬಿನ ಬುಡವನ್ನು ಒತ್ತಿ ಹಿಡಿಯಬೇಕು. ಕಾದು ಕಾದು ಸ್ಪ್ರಿಂಗು ಬಲ ಕಳೆದುಕೊಳ್ಳುತ್ತದೆ. ಅಡುಗೆಮನೆಯಲ್ಲಂತೂ ಹೊಗೆ, ಎಣ್ಣೆ ಜಿಡ್ಡು ಎಲ್ಲಾ ಸೇರಿ ಕಡ್ಡಿ ಕಪ್ಪಾಗುತ್ತದೆ. ಕೆಲವರು ಒಳಗೆ ಕಾಗದ ತುರುಕುತ್ತಾರೆ. ಬೇಡವೇ ಬೇಡ! ಅದು ಹೊತ್ತಿಕೊಳ್ಳುತ್ತದೆ. ಹೊಸ ಹೋಲ್ಡರು ಹಾಕಿಸಬೇಕು. ಸ್ವಿಚ್ಚು ಚಿರ್ ಚಿರ್ ಅಂದರೆ, ಬಿಸಿ ಇದ್ದರೆ, ಸುಟ್ಟ ವಾಸನೆ ಬಂದರೆ ಅದನ್ನೂ ಬದಲಿಸಬೇಕು. ಈ ಕೆಲಸ ವೈರಿಂಗ್ ಬಲ್ಲವರಿಂದಲೇ ಆಗಲಿ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗೆ ಸೊನ್ನೆ ಬಿಲ್ಲು ಬಂತು. ಆ ಉಳಿತಾಯದಲ್ಲಿ ಒಂದು ಒಳ್ಳೆಯ ಸ್ವಿಚ್ಚು ಬರುವುದಿಲ್ಲವಾ?

ಫ್ಯಾನು ಹಾಕಿದಾಗ ಮಾತ್ರ ಬಲ್ಬು ಆರುತ್ತದೆಯಾ? ತಗಡಿನ ಮನೆಯಲ್ಲಿ ಫ್ಯಾನು, ಬಲ್ಬು ಎರಡೂ ಒಂದೇ ಜಂತಿಗೆ ತೂಗಿರುತ್ತವೆ. ಫ್ಯಾನು ತಿರುಗಿದರೆ ಜಂತಿ ನಡುಗುತ್ತದೆ, ಸಡಿಲ ಇದ್ದ ವೈರು ಅಲುಗುತ್ತದೆ. ವೈರನ್ನೂ ಬಿಗಿ ಮಾಡಿಸಬೇಕು, ಫ್ಯಾನಿನ ನಡುಕವನ್ನೂ ನಿಲ್ಲಿಸಬೇಕು.

ಮನೆಯೆಲ್ಲಾ ಆರಿದರೆ ಫ್ಯೂಸು ಹೋಗಿರಬಹುದು, ಇಲ್ಲವೇ ಎಂಸಿಬಿ ಬಿದ್ದಿರಬಹುದು. ಹಿಂದೆ ಭಾಗ್ಯಜ್ಯೋತಿ ಮನೆಗೆ ಒಂದೇ ಬಲ್ಬು ಇತ್ತು. ಈಗ ಅದೇ ಹಳೆಯ ವೈರಿಗೆ ಫ್ಯಾನು, ಟಿವಿ, ಮಿಕ್ಸಿ, ನೀರು ಕಾಯಿಸುವ ಕಾಯಿಲ್ ಎಲ್ಲಾ ಸೇರಿವೆ. ಭಾರ ಹೆಚ್ಚಾದರೆ ಅದು ಬೀಳುತ್ತದೆ. ಬಿದ್ದದ್ದು ನಮ್ಮನ್ನು ಉಳಿಸೋಕೆ. ಫ್ಯೂಸಿಗೆ ದಪ್ಪ ತಂತಿ ಕಟ್ಟಿದರೆ ಅದು ಸುಡುವುದಿಲ್ಲ, ಬದಲಿಗೆ ಮನೆ ಸುಡುತ್ತದೆ. ಮಳೆಗಾಲದಲ್ಲಿ ಮಾತ್ರ ಹೀಗಾದರೆ ಗೋಡೆಯ ಒದ್ದೆ ವೈರಿಗೆ ತಾಗಿದೆ ಅಂತ ಅನುಮಾನ ಪಡಬೇಕು. ಆಗ ಆ ಗೋಡೆಯನ್ನೂ ಅಲ್ಲಿರುವ ಸ್ವಿಚ್ಚನ್ನೂ ಮುಟ್ಟಬಾರದು.

ಇನ್ನೊಂದು ಗುರುತು ಎಲ್ಲಕ್ಕಿಂತ ಅಪಾಯದ್ದು. ಒಂದು ಬಲ್ಬು ಮಂಕಾಗುತ್ತದೆ, ಮರುಗಳಿಗೆ ಕಣ್ಣು ಕುಕ್ಕುವಂತೆ ಉರಿಯುತ್ತದೆ. ಫ್ಯಾನು ಇದ್ದಕ್ಕಿದ್ದಂತೆ ಜೋರಾಗುತ್ತದೆ. ಕಂಬದ ಕಡೆ ನ್ಯೂಟ್ರಲ್ ಕಡಿದಿರಬಹುದು. ನಮ್ಮ ಮನೆಗೆ ಬರಬೇಕಾದದ್ದು 230 ವೋಲ್ಟ್. ನ್ಯೂಟ್ರಲ್ ಕಡಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಬಂದು ಟಿವಿ, ಬಲ್ಬು ಎಲ್ಲಾ ಸುಡುತ್ತವೆ. ತಕ್ಷಣ ಮೇನ್ ಆರಿಸಿ 1912ಕ್ಕೆ ಫೋನ್ ಮಾಡಬೇಕು. ಅದು ಕರೆಂಟು ಕಂಪನಿಯ ದೂರಿನ ನಂಬರು. ಕಂಬ ಹತ್ತೋಕೆ ಮನೆಯವರನ್ನು ಬಿಡಲೇಬಾರದು, ಅದು ಲೈನ್‌ಮನ್ ಕೆಲಸ.

ರಿಪೇರಿಗೆ ಬಂದವರು 'ಏನಾಗಿತ್ತಮ್ಮಾ?' ಅಂತ ಕೇಳುತ್ತಾರೆ. 'ಆಗಾಗ ಆರತ್ತೆ' ಅಂದರೆ ಅವರಿಗೆ ಏನೂ ತಿಳಿಯದು. ಅವರು ಬಂದ ಹೊತ್ತಿಗೆ ಬಲ್ಬು ಚೆನ್ನಾಗಿ ಉರಿಯುತ್ತಲೂ ಇರಬಹುದು! ಈಗ ನಮಗೆ ಬರೆಯೋಕೆ ಬರುತ್ತದಲ್ಲ, ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಮೇಲೆ ಬರೆದಿಡೋಣ. ಯಾವ ಬಲ್ಬು, ಎಷ್ಟು ಗಂಟೆಗೆ, ಆಗ ಬೇರೆ ಏನು ನಡೀತಿತ್ತು ಅಂತ. ಹೀಗೆ:

ಅಡುಗೆಮನೆ ಬಲ್ಬು. ಸಂಜೆ 7 ಗಂಟೆ. ಮಿಕ್ಸಿ ಹಾಕಿದಾಗ ಆರಿತು. ಸ್ವಿಚ್ಚಿನಲ್ಲಿ ವಾಸನೆ.

ಇಷ್ಟು ಓದಿದರೆ ರಿಪೇರಿಯವರು ಮೊದಲು ಆ ಸ್ವಿಚ್ಚನ್ನೇ ಬಿಚ್ಚಿ ನೋಡುತ್ತಾರೆ.