ಡಿಮ್ಮರ್ ಸ್ವಿಚ್ಚು: ಬಲ್ಬಿನೊಡನೆ ಜೋಡಿಯಾಗಿ ಮಾರಬೇಕಾದ ಸರಕು

ಶಿವನಸಮುದ್ರದ ಜಲವಿದ್ಯುತ್ತು ಸುಮಾರು 92 ಮೈಲು ದೂರ ತಂತಿಗಳ ಮೂಲಕ ಸಾಗಿ ಕೋಲಾರ ಚಿನ್ನದ ಗಣಿಗಳನ್ನು ತಲುಪಿದ್ದು 1902ರಲ್ಲಿ. ಗಣಿಗಳು 2001ರಲ್ಲಿ ಮುಚ್ಚಿದವು. ವಿದ್ಯುತ್ತಿನ ವ್ಯಾಪಾರ ಮಾತ್ರ ಮನೆಮನೆಗೂ ಹಬ್ಬಿ ನಿಂತಿದೆ. ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆ, ಕಾಮಸಮುದ್ರಗಳಂತಹ ಊರುಗಳ ವಿದ್ಯುತ್ ಸಾಮಗ್ರಿ ವರ್ತಕರಿಗೆ ಡಿಮ್ಮರ್ ಸ್ವಿಚ್ಚು ಸಣ್ಣ ಸರಕು. ಆದರೆ ‘ಕೆಟ್ಟಿದೆ’ ಎಂದು ಗ್ರಾಹಕನು ಹಿಂದಿರುಗಿಸಿದ ಒಂದು ಡಿಮ್ಮರನ್ನು ಬೆಂಗಳೂರಿನ ಸಗಟು ಮಳಿಗೆಗೆ ಮರಳಿಸಿ ಬದಲಿ ತರುವಷ್ಟರಲ್ಲಿ ಅದರ ಲಾಭವೆಲ್ಲ ಕರಗಿರುತ್ತದೆ. ಹೀಗೆ ಮರಳುವ ಡಿಮ್ಮರುಗಳಲ್ಲಿ ಹಲವು ವಾಸ್ತವವಾಗಿ ಕೆಟ್ಟಿರುವುದಿಲ್ಲ. ತಮಗೆ ಹೊಂದದ ಬಲ್ಬಿನೊಡನೆ ಜೋಡಿಸಲ್ಪಟ್ಟಿರುತ್ತವೆ.

ಬದಲಾದದ್ದು ಬಲ್ಬು

ಹಿಂದೆ ಬೆಳಕನ್ನಾಗಲಿ ಫ್ಯಾನನ್ನಾಗಲಿ ತಗ್ಗಿಸಲು ತಂತಿ ಸುತ್ತಿದ ರೋಧಕದ ಪೆಟ್ಟಿಗೆಗಳಿದ್ದವು. ಅವು ಉಳಿದ ವಿದ್ಯುತ್ತನ್ನು ಶಾಖವಾಗಿ ಪೋಲುಮಾಡುತ್ತಿದ್ದವು. 1959ರಲ್ಲಿ ಅಮೆರಿಕದ ಜೋಯೆಲ್ ಸ್ಪೈರಾ ಅವರು ಅರೆವಾಹಕ ಬಳಸಿ ರೂಪಿಸಿದ ಡಿಮ್ಮರು ಈ ಪೋಲನ್ನು ತಪ್ಪಿಸಿತು. ಇಂದು ಅಂಗಡಿಗಳಲ್ಲಿ ದೊರೆಯುವ ಸಾಮಾನ್ಯ ಡಿಮ್ಮರಿನಲ್ಲಿರುವ ಟ್ರಯಾಕ್ ಎಂಬ ಬಿಡಿಭಾಗವು ಸೆಕೆಂಡಿಗೆ 100 ಅರ್ಧ ಅಲೆಗಳಲ್ಲಿ ಪ್ರತಿಯೊಂದರ ಆರಂಭದ ಭಾಗವನ್ನು ಕತ್ತರಿಸಿ, ಉಳಿದುದನ್ನು ಮಾತ್ರ ಬಲ್ಬಿಗೆ ಬಿಡುತ್ತದೆ.

ಒಮ್ಮೆ ತೆರೆದ ಟ್ರಯಾಕ್ ತೆರೆದೇ ಇರಬೇಕಾದರೆ ಅದರ ಮೂಲಕ ಕನಿಷ್ಠ ಪ್ರಮಾಣದ ವಿದ್ಯುತ್ತು ಹರಿಯುತ್ತಿರಬೇಕು. 230 ವೋಲ್ಟಿನಲ್ಲಿ 60 ವಾಟ್ ತಂತುದೀಪವು ಸುಮಾರು 260 ಮಿಲಿ ಆಂಪಿಯರ್ ಸೆಳೆಯುತ್ತದೆ. 9 ವಾಟ್ ಎಲ್‌ಇಡಿ ಬಲ್ಬಿಗೆ ಅದರ ಅಲ್ಪಾಂಶ ಸಾಕು. ಹೀಗಾಗಿ ಟ್ರಯಾಕ್ ನಡುವೆಯೇ ಮುಚ್ಚಿಕೊಂಡು ಬಲ್ಬು ಮಿಣುಕುತ್ತದೆ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆ, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಿಂದ 9 ವಾಟ್ ಬಲ್ಬುಗಳನ್ನು ಮನೆಮನೆಗೆ ಮುಟ್ಟಿಸಿತು. ಗೋಡೆಯ ಮೇಲಿನ ಹಳೆಯ ಡಿಮ್ಮರು ಮಾತ್ರ ತಂತುದೀಪದ ಕಾಲದ್ದಾಗಿಯೇ ಉಳಿದಿದೆ.

ದೋಷ ಪತ್ತೆಯ ಕ್ರಮ

1. ಮಿಣುಕು: ದೂರು ಬಂದೊಡನೆ ಅದೇ ಡಿಮ್ಮರಿಗೆ 60 ವಾಟ್ ತಂತುದೀಪವೊಂದನ್ನು ಜೋಡಿಸಿ ನೋಡಬೇಕು. ಬೆಳಕು ನಯವಾಗಿ ಏರಿಳಿದರೆ ಡಿಮ್ಮರು ಸರಿಯಿದೆ, ದೋಷ ಜೋಡಿಯಲ್ಲಿದೆ ಎಂದರ್ಥ. ಈ ಪರೀಕ್ಷೆಗೆಂದೇ ಒಂದು ತಂತುದೀಪವನ್ನು ಅಂಗಡಿಯಲ್ಲಿ ಕಾದಿರಿಸುವುದು ಲಾಭಕರ.

2. ಆರಿಸಿದ ಮೇಲೂ ಮಂದ ಬೆಳಕು: ಡಿಮ್ಮರಿನೊಳಗಿನ ಸೋಸುವ ಕೆಪಾಸಿಟರ್ ಅಥವಾ ಸೂಚಕ ದೀಪದ ಮೂಲಕ ಸೋರುವ ಅತ್ಯಲ್ಪ ವಿದ್ಯುತ್ತೂ ಎಲ್‌ಇಡಿಯನ್ನು ಬೆಳಗಿಸಬಲ್ಲದು. ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್ ತಂತಿಯಲ್ಲಿ ಜೋಡಿಸಿದ್ದರೂ ಹೀಗಾಗಬಹುದು. ಎರಡನೆಯದು ಅಪಾಯಕಾರಿ, ಅನುಮತಿ ಪಡೆದ ವಿದ್ಯುತ್ ಕೆಲಸಗಾರರಿಂದ ಸರಿಪಡಿಸಿಕೊಳ್ಳುವಂತೆ ಗ್ರಾಹಕರಿಗೆ ಸೂಚಿಸಬೇಕು.

3. ಗುಂಯ್‌ಗುಡುವಿಕೆ ಮತ್ತು ಬಿಸಿ: ಸಣ್ಣ ಸದ್ದು, ಅಲ್ಪ ಬೆಚ್ಚಗಾಗುವುದು ಸಹಜ. ಮುಟ್ಟಲಾಗದಷ್ಟು ಬಿಸಿಯಾದರೆ ಹೊರೆ ಹೆಚ್ಚಿದೆ ಅಥವಾ ಜೋಡಣೆಯ ತಿರುಪು ಸಡಿಲವಾಗಿದೆ. ಬಳಕೆಯನ್ನು ತಕ್ಷಣ ನಿಲ್ಲಿಸಬೇಕು.

4. ಫ್ಯಾನಿಗೆ ಬೆಳಕಿನ ಡಿಮ್ಮರು: ಮೋಟಾರು ಸದ್ದುಮಾಡಿ ಬಿಸಿಯಾಗುತ್ತದೆ. ಹಂತಹಂತವಾಗಿ ತಿರುಗುವ ಕೆಪಾಸಿಟರ್ ಮಾದರಿಯ ಫ್ಯಾನ್ ರೆಗ್ಯುಲೇಟರಿನಿಂದ ಎಲ್‌ಇಡಿ ಬೆಳಕನ್ನು ತಗ್ಗಿಸುವುದೂ ಸಾಧ್ಯವಿಲ್ಲ. ಇವೆರಡನ್ನೂ ಒಂದೇ ಕಪಾಟಿನಲ್ಲಿ ಬೆರೆಸಿಡದಿರುವುದು ಲೇಸು.

ಡಿಮ್ಮರನ್ನು ಪೂರ್ತಿ ಕೆಳಕ್ಕೆ ತಿರುಗಿಸಿದ ಮಾತ್ರಕ್ಕೆ ವಿದ್ಯುತ್ ಸಂಪರ್ಕ ಕಡಿದಂತಲ್ಲ. ಪೆಟ್ಟಿಗೆ ಬಿಚ್ಚುವ ಮುನ್ನ ಮುಖ್ಯ ಸ್ವಿಚ್ಚನ್ನೇ ಆರಿಸಬೇಕು.

ಆಯ್ಕೆಯಲ್ಲಿ ಗಮನಿಸಬೇಕಾದುದು

ಮೊದಲು ಬಲ್ಬಿನ ಪೆಟ್ಟಿಗೆಯನ್ನು ಓದಬೇಕು. ‘ಡಿಮ್ಮಬಲ್’ ಎಂದು ಮುದ್ರಿಸಿರದ ಎಲ್‌ಇಡಿ ಬಲ್ಬನ್ನು ಡಿಮ್ಮರಿಗೆ ಜೋಡಿಸಬಾರದು. ಎರಡನೆಯದಾಗಿ, ಡಿಮ್ಮರಿನ ಮೇಲೆ 400 ವಾಟ್ ಎಂದಿದ್ದರೆ ಅದು ಸಾಮಾನ್ಯವಾಗಿ ತಂತುದೀಪದ ಲೆಕ್ಕ. ಎಲ್‌ಇಡಿಗಳು ಹೊತ್ತಿಕೊಳ್ಳುವ ಕ್ಷಣದಲ್ಲಿ ಹೆಚ್ಚಿನ ವಿದ್ಯುತ್ತನ್ನು ಸೆಳೆಯುವುದರಿಂದ, ಅವುಗಳಿಗೆ ತಯಾರಕರು ಬೇರೆಯಾಗಿ ನಮೂದಿಸಿದ, ಬಹಳ ಕಡಿಮೆಯಾದ ಮಿತಿಯನ್ನೇ ಪಾಲಿಸಬೇಕು. ಅಲೆಯ ಕೊನೆಯ ಭಾಗವನ್ನು ಕತ್ತರಿಸುವ ‘ಟ್ರೇಲಿಂಗ್ ಎಡ್ಜ್’ ಡಿಮ್ಮರಿನ ಬೆಲೆ ಹೆಚ್ಚಾದರೂ ಎಲ್‌ಇಡಿಗಳೊಡನೆ ಅದರ ಹೊಂದಾಣಿಕೆ ಸಾಮಾನ್ಯವಾಗಿ ಉತ್ತಮ. ಮಲಗುವ ಕೋಣೆಗೆ ಎರಡು ಮೂರು ಹಂತದ ಬೆಳಕು ಸಾಕೆನ್ನುವವರಿಗೆ, ಸಾಮಾನ್ಯ ಸ್ವಿಚ್ಚನ್ನು ಆರಿಸಿ ಹೊತ್ತಿಸಿದಾಗ ಹಂತ ಬದಲಿಸುವ ಬಲ್ಬೇ ಮಿತವ್ಯಯದ ಮಾರ್ಗ. ಅದಕ್ಕೆ ಡಿಮ್ಮರು ಬೇಕಿಲ್ಲ, ಜೋಡಿಸಲೂಬಾರದು.

ವೋಲ್ಟೇಜಿನ ಏರಿಳಿತವನ್ನೂ ಮರೆಯುವಂತಿಲ್ಲ. ವೋಲ್ಟೇಜ್ ಶೇ. 10ರಷ್ಟು ಇಳಿದರೆ ತಂತುದೀಪದ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. ಆದ್ದರಿಂದ ಮಧ್ಯಾಹ್ನ ಅಂಗಡಿಯಲ್ಲಿ ಸರಿಯಾಗಿ ಕಂಡ ಜೋಡಿ, ಸಂಜೆ ಹಳ್ಳಿಯ ಮನೆಯಲ್ಲಿ ಹಾಗೆಯೇ ನಡೆಯುವುದೆಂಬ ಭರವಸೆ ಇಲ್ಲ.

ತಯಾರಕರ ಹೊಣೆ

ಡಿಮ್ಮರುಗಳನ್ನು ಜೋಡಿಸಿ ಮಾರುವ ಸಣ್ಣ ಘಟಕಗಳು ತಂತುದೀಪ ಮತ್ತು ಎಲ್‌ಇಡಿಗಳಿಗೆ ಕನಿಷ್ಠ ಹಾಗೂ ಗರಿಷ್ಠ ಹೊರೆಯನ್ನು ಬೇರೆಬೇರೆಯಾಗಿ, ಕನ್ನಡದಲ್ಲಿಯೂ ಮುದ್ರಿಸಬೇಕು. ಪರೀಕ್ಷಿಸಿ ಹೊಂದಿಕೆಯಾದ ಬಲ್ಬುಗಳ ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟರೆ ವರ್ತಕರಿಗೆ ಅದೇ ಉತ್ತಮ ಮಾರಾಟ ಸಾಧನ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಾಕಷ್ಟು ಬಳಕೆ ಸೂಚನೆ ಅಥವಾ ಎಚ್ಚರಿಕೆ ನೀಡದೆ ಮಾರಿದ ವಸ್ತುವಿನಿಂದ ಹಾನಿ ಸಂಭವಿಸಿದರೆ ತಯಾರಕರು ಹೊಣೆಗಾರರಾಗುತ್ತಾರೆ. ತಯಾರಕರ ಎಚ್ಚರಿಕೆಯನ್ನು ಗ್ರಾಹಕರಿಗೆ ತಲುಪಿಸದ ವರ್ತಕರೂ ಹೊಣೆಯಿಂದ ಮುಕ್ತರಲ್ಲ.

ಮಾರಾಟದ ಮೇಜಿನ ಮೇಲೆ ಒಂದು ಹಲಗೆ, ಅದಕ್ಕೊಂದು ಹೋಲ್ಡರು, ಡಿಮ್ಮರು ಕೂರಿಸುವ ಒಂದು ಪೆಟ್ಟಿಗೆ: ಬೇಕಾದ ಬಂಡವಾಳ ಇಷ್ಟೇ. ಗ್ರಾಹಕನು ಕೊಳ್ಳುವ ಬಲ್ಬನ್ನೇ ಅವನು ಕೊಳ್ಳುವ ಡಿಮ್ಮರಿಗೆ ಜೋಡಿಸಿ, ಅತಿ ಕೆಳಗಿನ ಹಂತದಲ್ಲಿ ಒಂದೆರಡು ನಿಮಿಷ ಉರಿಸಿ ತೋರಿಸಿದ ನಂತರವೇ ರಸೀದಿ ಬರೆಯುವ ವರ್ತಕನಿಗೆ ಸರಕು ಮರಳಿ ಬರುವ ಸಂಭವ ಕಡಿಮೆ. ಗ್ರಾಹಕನು ಮರಳಿ ಬರುವ ಸಂಭವ ಹೆಚ್ಚು.